ಶಿಲೆಯ ಸೂರ್ಯಚಂದ್ರರು, ಮೊಬೈಲಿನ ಎಮೋಜಿಗಳು

ಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಜೊತೆಯಾಗಿ ಕಂಡಾಗ ನಾವು ಅವನ್ನು ಹಗಲಿರುಳೆಂದು ಓದುವುದಿಲ್ಲ. ‘ಆಚಂದ್ರಾರ್ಕ’, ಅಂದರೆ ಅವರಿರುವವರೆಗೂ ಈ ದತ್ತಿ ನಿಲ್ಲತಕ್ಕದ್ದೆಂದು ಓದುತ್ತೇವೆ. ಮಹಾರಾಷ್ಟ್ರದ ‘ಗದ್ಧೇಗಾಳ’ ಕಲ್ಲುಗಳಲ್ಲಿ ಅದೇ ಜೋಡಿಯ ಕೆಳಗೆ ಕತ್ತೆ ಮತ್ತು ಹೆಂಗಸಿನ ಚಿತ್ರ ಬಂದೊಡನೆ, ದತ್ತಿಗೆ ಅಳುಪಿದವನ ಮೇಲಣ ಶಾಪವೂ ಸೇರುತ್ತದೆ. ಅರ್ಥವಿರುವುದು ಬಿಡಿ ಚಿತ್ರದಲ್ಲಲ್ಲ, ಕೂಟದಲ್ಲಿ.

ಪುಣೆಯ ಕನ್ನಡ ಮನೆಗಳ ವಾಟ್ಸಾಪ್ ಓಲೆಗಳಿಗೂ ಇದೇ ನಿಯಮ ಸಲ್ಲುತ್ತದೆ. 2010ರಲ್ಲಿ ಯೂನಿಕೋಡ್ ಸೇರಿದ ಮುಗಿದ ಕೈ ಹೂಗುಚ್ಛದೊಡನೆ ಬಂದರೆ ಅಭಿನಂದನೆ, ಓಂಕಾರದೊಡನೆ ಬಂದರೆ ಸಂತಾಪ. 2019ರಲ್ಲಿ ಸೇರಿದ ಹಣತೆಯೊಡನೆ ಬಂದರೆ ದೀಪಾವಳಿಯೂ ಆದೀತು, ಶ್ರದ್ಧಾಂಜಲಿಯೂ ಆದೀತು. ಶಾಸನಗಳಲ್ಲಿರುವಂತೆ ಇಲ್ಲಿಯೂ ತಿಥಿಯನ್ನು ನೋಡಿಯೇ ನಿರ್ಣಯಿಸಬೇಕು!

ಹೆಚ್ಚಿನ ತೊಡಕಿರುವುದು ನಗುತ್ತ ಕಣ್ಣೀರಿಡುವ ಮುಖದಲ್ಲಿ. ಯೂನಿಕೋಡ್ ಅದನ್ನು ಆನಂದಬಾಷ್ಪದ ಮುಖವೆಂದೇ ಹೆಸರಿಸಿದೆ. ಆದರೆ ಹಿರಿಯರ ಕಣ್ಣಿಗೆ ಬೀಳುವುದು ಕಣ್ಣೀರು ಮಾತ್ರ. ನಮ್ಮ ಬಂಧುವೊಬ್ಬರ ಮರಣವಾರ್ತೆಗೆ ವೃದ್ಧರೊಬ್ಬರು ಅದನ್ನು ಮುಗಿದ ಕೈಯೊಡನೆ ಕಳುಹಿಸಿದರು. ಮೃತರ ಮಗಳು ವರ್ಷದವರೆಗೆ ಅವರೊಡನೆ ಮಾತಾಡಲಿಲ್ಲ. ಕೂಟವನ್ನು ಬಿಟ್ಟು ಬಿಡಿ ಚಿತ್ರವನ್ನು ಓದಿದ್ದೇ ಕಾರಣವೆಂದು ನಾವು ಮೊದಲು ಭಾವಿಸಿದ್ದೆವು. ವಿಚಾರಿಸಿದಾಗ ತಿಳಿಯಿತು: ಪಕ್ಕದ ಮುಗಿದ ಕೈಯನ್ನು ಆಕೆ ವ್ಯಂಗ್ಯವೆಂದು ಓದಿದ್ದರು.