ಕೊಬ್ಬಿಸುವ ಟಗರುಗಳಲ್ಲಿ ಮೂತ್ರಕಲ್ಲು

ಬಕ್ರೀದ್ ಹಬ್ಬದ ಮಾರಾಟಕ್ಕೆಂದು ಟಗರುಗಳನ್ನು ಕಟ್ಟಿ ಮೇಯಿಸಿ ಕೊಬ್ಬಿಸುವುದು ಬಯಲುಸೀಮೆಯ ಅನೇಕ ರೈತರಿಗೆ ಒಳ್ಳೆಯ ಉಪಕಸುಬು. ಆದರೆ ಇನ್ನೇನು ಸಂತೆಗೆ ಹೊರಡಬೇಕು ಎನ್ನುವಾಗ ಟಗರಿಗೆ ಮೂತ್ರ ಕಟ್ಟಿ, ಕೆಲವೇ ದಿನಗಳಲ್ಲಿ ಅದು ಸಾಯುವುದುಂಟು. ಚೆನ್ನಾಗಿ ತಿಂದು ಮೈತುಂಬಿಕೊಂಡ ಟಗರಿಗೇ ಈ ಕುತ್ತು ಹೆಚ್ಚು. ಇದಕ್ಕೆ ಕಾರಣ ಜನರ ದೃಷ್ಟಿಯಲ್ಲ, ತೊಟ್ಟಿಯಲ್ಲಿರುವ ಆಹಾರ.

ಕಲ್ಲು ಹೇಗೆ ಆಗುತ್ತದೆ?

ಗೋಧಿ ಬೂಸಾ, ಅಕ್ಕಿ ತೌಡು ಮತ್ತು ಕಾಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಒಂದು ಕಿಲೋ ಗೋಧಿ ಬೂಸಾದಲ್ಲಿ ಸುಮಾರು 10 ಗ್ರಾಂ ರಂಜಕವಿದ್ದರೆ ಕ್ಯಾಲ್ಸಿಯಂ 1–2 ಗ್ರಾಂ ಮಾತ್ರ. ಟಗರಿಗೆ ಬೇಕಾದುದು ಇದಕ್ಕೆ ತದ್ವಿರುದ್ಧ: ಒಂದು ಪಾಲು ರಂಜಕಕ್ಕೆ ಎರಡು ಪಾಲು ಕ್ಯಾಲ್ಸಿಯಂ. ಮೇವು ಮೆಲುಕು ಹಾಕುವಾಗ ಹೆಚ್ಚಿನ ರಂಜಕ ಜೊಲ್ಲಿನೊಡನೆ ಹೊಟ್ಟೆ ಸೇರಿ ಹಿಕ್ಕೆಯಲ್ಲಿ ಹೊರಹೋಗುತ್ತದೆ. ಮೇವು ಕಡಿಮೆಯಾದರೆ ಮೆಲುಕೂ ಕಡಿಮೆ, ಜೊಲ್ಲೂ ಕಡಿಮೆ. ಆಗ ರಂಜಕ ಮೂತ್ರಕ್ಕೆ ಇಳಿಯುತ್ತದೆ. ಕುಡಿಯುವ ನೀರೂ ಸಾಲದಿದ್ದರೆ ಮೂತ್ರ ಗಟ್ಟಿಯಾಗಿ ಮರಳಿನಂಥ ಹರಳುಗಳು ಕೂಡಿಕೊಳ್ಳುತ್ತವೆ.

ಹೆಣ್ಣು ಕುರಿಯ ಮೂತ್ರನಾಳ ಗಿಡ್ಡ ಮತ್ತು ಅಗಲ, ಹರಳು ಹೊರಬಿದ್ದುಬಿಡುತ್ತದೆ. ಟಗರಿನ ನಾಳ ಉದ್ದ, ಕಿರಿದು, ನಡುವೆ ಬಾಗು ಬೇರೆ. ಅದರ ತುದಿಯಲ್ಲಿ ಹುಳುವಿನಂತಿರುವ ಸಣ್ಣ ಕೊಳವೆಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಹೋತಗಳಿಗೂ ಈ ಮಾತು ಅನ್ವಯಿಸುತ್ತದೆ.

ರೋಗದ ಲಕ್ಷಣಗಳು

ಟಗರು ಮತ್ತೆ ಮತ್ತೆ ತಿಣುಕುತ್ತದೆ, ಬಾಲ ಅಲುಗಿಸುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಹಲ್ಲು ಕಡಿಯುತ್ತದೆ. ಮೂತ್ರ ಹನಿಹನಿಯಾಗಿ, ಕೆಲವೊಮ್ಮೆ ರಕ್ತ ಬೆರೆತು ಬೀಳುತ್ತದೆ. ಹೊಕ್ಕುಳ ಬಳಿಯ ಕೂದಲಿನಲ್ಲಿ ಬಿಳಿ ಹರಳುಗಳು ಅಂಟಿರಬಹುದು. ಇದನ್ನು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುತ್ತ ಕಾಲ ಕಳೆಯಬಾರದು. ಮೂತ್ರಕೋಶ ಒಡೆದಾಗ ನೋವು ಇಳಿದು ಟಗರು ಸುಮ್ಮನಾಗುತ್ತದೆ. ಅದು ಗುಣವಾದ ಗುರುತಲ್ಲ. ಹೊಟ್ಟೆಯಲ್ಲಿ ಮೂತ್ರ ತುಂಬಿ ಸಾವು ಸಮೀಪಿಸಿದ ಗುರುತು.

ಚಿಕಿತ್ಸೆ

ಲಕ್ಷಣ ಕಂಡ ದಿನವೇ ಪಶುವೈದ್ಯರಿಗೆ ತೋರಿಸಬೇಕು. ಕಲ್ಲು ತುದಿಯ ಕೊಳವೆಯಲ್ಲಿದ್ದರೆ ವೈದ್ಯರು ಅದನ್ನು ಕತ್ತರಿಸಿ ಮೂತ್ರ ಬಿಡಿಸಬಲ್ಲರು. ಮೇಲೆ ಸಿಕ್ಕಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಾಳ ಪೂರ್ತಿ ಕಟ್ಟಿರುವಾಗ ಮೂತ್ರ ಹೆಚ್ಚಿಸುವ ಔಷಧಿಯನ್ನು ರೈತರು ತಾವಾಗಿ ಕೊಡಕೂಡದು. ಮೂತ್ರಕೋಶ ಬೇಗ ಒಡೆಯುತ್ತದೆ.

ತಡೆಗಟ್ಟುವ ಕ್ರಮಗಳು

1. ಬೂಸಾ, ಕಾಳುಗಳನ್ನು ಮಿತಿಯಲ್ಲಿ, ದಿನಕ್ಕೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೇವಿರಲಿ.

2. 100 ಕಿಲೋ ಆಹಾರ ಮಿಶ್ರಣಕ್ಕೆ 1–2 ಕಿಲೋ ಸುಣ್ಣಕಲ್ಲಿನ ಪುಡಿ ಬೆರೆಸಬೇಕು. ಖನಿಜ ಮಿಶ್ರಣದಲ್ಲಿ ರಂಜಕವೂ ಇರುವುದರಿಂದ ಅದನ್ನೇ ಹೆಚ್ಚಿಸುವುದು ಪರಿಹಾರವಲ್ಲ.

3. ಶುದ್ಧ ನೀರು ಹಗಲಿರುಳೂ ಮುಂದಿರಬೇಕು. ಮಿಶ್ರಣಕ್ಕೆ ಅಡುಗೆ ಉಪ್ಪು ಸೇರಿಸಿದರೆ ಟಗರು ಹೆಚ್ಚು ನೀರು ಕುಡಿಯುತ್ತದೆ.

4. ಮಂದೆಯಲ್ಲಿ ಒಂದಕ್ಕೆ ರೋಗ ಬಂದರೆ ಉಳಿದವುಗಳ ಆಹಾರವನ್ನೂ ಕೂಡಲೇ ಸರಿಪಡಿಸಬೇಕು. ಅಮೋನಿಯಂ ಕ್ಲೋರೈಡನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಬೇಕು.

5. ಮರಿಗಳಿಗೆ ತೀರ ಎಳೆಯದರಲ್ಲಿ ಬೀಜ ಒಡೆಸಬಾರದು. ನಾಳ ಅಗಲವಾಗಿ ಬೆಳೆಯುವುದಿಲ್ಲ.

ಸುಣ್ಣಕಲ್ಲಿನ ಪುಡಿಗೂ ನೀರಿಗೂ ಆಗುವ ಖರ್ಚು ಅಲ್ಪ. ತಿಂಗಳುಗಟ್ಟಲೆ ಸಾಕಿದ ಒಂದು ಟಗರು ಸತ್ತರೆ ಆಗುವ ನಷ್ಟ ಆ ವರ್ಷದ ಲಾಭವನ್ನೇ ನುಂಗಬಹುದು.