ನೀರಿನ ದಾರಿ ತಿಳಿದು ಊರು ಕಟ್ಟೋಣ

‘ನೀರು ತಗ್ಗಿನ ಕಡೆಗೆ ಹರಿಯುತ್ತದೆ’ ಎಂಬುದು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಆದರೆ ಊರು ಬೆಳೆಸುವಾಗ ದೊಡ್ಡವರು ಮೊದಲು ಮರೆಯುವುದೂ ಇದನ್ನೇ. ನಿವೇಶನ ಕೊಳ್ಳುವವರು ರಸ್ತೆ ಎಷ್ಟು ಅಡಿ ಅಗಲ, ಬಸ್ ನಿಲ್ದಾಣ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗೆ ಎಂದೆಲ್ಲ ವಿಚಾರಿಸುತ್ತಾರೆ. ಇಲ್ಲಿ ಬಿದ್ದ ಮಳೆನೀರು ಎಲ್ಲಿಗೆ ಹರಿದು ಹೋಗುತ್ತದೆ ಎಂದು ಕೇಳುವವರು ಅಪರೂಪ. ನೆಲದ ಏರುತಗ್ಗು, ಮಣ್ಣು, ನೀರು, ಗಿಡಮರ, ಪ್ರಾಣಿಪಕ್ಷಿಗಳ ಸಂಬಂಧವನ್ನು ಅರಿತ ನಂತರವೇ ರಸ್ತೆ-ಮನೆಗಳ ನಕ್ಷೆ ಬರೆಯಬೇಕು ಎಂಬುದು ನಗರ ಯೋಜನೆಯ ಒಂದು ಮುಖ್ಯ ತತ್ತ್ವ. ಅದನ್ನು ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ಮೈಸೂರೇ ಸಾಕು.

ಎರಡು ಇಳಿಜಾರುಗಳ ಊರು

ಮೈಸೂರು ದಿಣ್ಣೆಯ ಮೇಲೆ ಕುಳಿತ ಊರು. ಉತ್ತರ ಭಾಗದ ನೀರು ಕಾವೇರಿಯತ್ತ ಇಳಿದರೆ, ದಕ್ಷಿಣ ಭಾಗದ್ದು ಕಬಿನಿಯತ್ತ ಸಾಗುತ್ತದೆ. ಈ ಎರಡು ನದಿಗಳು ಕೂಡುವುದು ತಿರುಮಕೂಡಲು ನರಸೀಪುರದಲ್ಲಿ. ನದಿ ಸೇರುವ ಮೊದಲು ನೀರು ತಂಗಲೆಂದು ಹಿಂದಿನವರು ತಗ್ಗು ನೋಡಿ ಏರಿ ಕಟ್ಟಿ ಕೆರೆಗಳನ್ನು ನಿರ್ಮಿಸಿದರು. ಚಾಮುಂಡಿ ಬೆಟ್ಟದ ಬುಡದಲ್ಲಿ ಕಾರಂಜಿ ಕೆರೆ, ಪಶ್ಚಿಮಕ್ಕೆ 1864ರ ಕುಕ್ಕರಹಳ್ಳಿ ಕೆರೆ, ನೈಋತ್ಯಕ್ಕೆ 1828ರ ಲಿಂಗಾಂಬುಧಿ, ದಕ್ಷಿಣಕ್ಕೆ ದಳವಾಯಿ ಕೆರೆ. ದಸರಾ ವಸ್ತುಪ್ರದರ್ಶನ ನಡೆಯುವ ‘ದೊಡ್ಡಕೆರೆ ಮೈದಾನ’ದಲ್ಲಿ ಈಗ ಕೆರೆಯ ಹೆಸರು ಮಾತ್ರ ಉಳಿದಿದೆ.

ವಿದ್ಯಾರಣ್ಯಪುರಂ ಇರುವುದು ದಕ್ಷಿಣದ ಇಳಿಜಾರಿನಲ್ಲಿ. ‘ಕೊಳಚೆ ಶುದ್ಧೀಕರಣ ಘಟಕ ನಮ್ಮ ಬಡಾವಣೆಗೇ ಏಕೆ ಬಂತು?’ ಎಂದು ಮಕ್ಕಳು ಕೇಳುವುದುಂಟು. ಒಳಚರಂಡಿಯ ನೀರು ಪಂಪಿನ ಖರ್ಚಿಲ್ಲದೆ ಗುರುತ್ವಾಕರ್ಷಣೆಯಿಂದಲೇ ಹರಿದು ಬರಬೇಕಾದರೆ ಘಟಕವು ಕಣಿವೆಯ ತಗ್ಗಿನಲ್ಲಿರಬೇಕು. ಕೆಸರೆ ಮತ್ತು ರಾಯನಕೆರೆಯ ಘಟಕಗಳೂ ಇದೇ ರೀತಿ ಬೇರೆ ಕಣಿವೆಗಳಿಗೆ ಸೇರಿದವು. ವಿದ್ಯಾರಣ್ಯಪುರಂನಿಂದ ಹೊರಟ ನೀರು ದಳವಾಯಿ ಕೆರೆಗೆ ಹೋಗಿ, ಅಲ್ಲಿಂದ ಕಬಿನಿಯ ಕಡೆಗೆ ಸಾಗುತ್ತದೆ. ನಾವು ಬಚ್ಚಲಿಗೆ ಸುರಿದದ್ದರಲ್ಲಿ ಶುದ್ಧವಾಗದೆ ಉಳಿದ ಪಾಲು ಕೆಳಗಿನ ಹಳ್ಳಿಯವರಿಗೆ ಸೇರುತ್ತದೆ.

ಆದರೆ ನಗರದ ಕಸವೂ ದಶಕಗಳಿಂದ ಇಲ್ಲಿಗೇ ಬಂದು ಬಿದ್ದಿದೆ. ಕೊಳಚೆ ತಗ್ಗಿಗೆ ಬರುವುದು ಪ್ರಕೃತಿಯ ನಿಯಮ. ಕಸ ಬರುವುದು ಲಾರಿಯಲ್ಲಿ, ಅದು ಮನುಷ್ಯರ ಆಯ್ಕೆ. ಕಸದ ರಾಶಿಯ ಮೇಲೆ ಬಿದ್ದ ಮಳೆ ಒಳಗಿಳಿದು ಕಪ್ಪು ರಸವಾಗಿ ಹೊರಬರುತ್ತದೆ. ತಡೆಯದಿದ್ದರೆ ಅದೂ ಇಳಿಜಾರನ್ನೇ ಹಿಡಿಯುತ್ತದೆ. ಕಸದ ಜಾಗವನ್ನು ಗೊತ್ತುಮಾಡುವಾಗ ಖಾಲಿ ನೆಲ ಎಲ್ಲಿದೆ ಎಂದಷ್ಟೇ ಹುಡುಕಿದರೆ ಸಾಲದು, ಕೆಳಗೆ ಯಾರಿದ್ದಾರೆ ಎಂದೂ ನೋಡಬೇಕು.

ಕಡಿದುಹೋದ ನಾಲೆ

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಾವೇರಿ ನೀರನ್ನು ಮೈಸೂರಿಗೆ ತರಲೆಂದು ನಾಲೆಯೊಂದನ್ನು ತೋಡಲಾಯಿತು. ಆ ಉದ್ದೇಶ ಕೈಗೂಡಲಿಲ್ಲ. ಆದರೂ ಮಳೆನೀರನ್ನು ಕುಕ್ಕರಹಳ್ಳಿ ಕೆರೆಗೆ ಮುಟ್ಟಿಸುವ ದಾರಿಯಾಗಿ ಪೂರ್ಣಯ್ಯ ನಾಲೆ ಬಹುಕಾಲ ಉಪಯೋಗಕ್ಕೆ ಬಂತು. ಮುಂದೆ ಬಡಾವಣೆಗಳು ಎದ್ದಂತೆ ನಾಲೆ ಅಲ್ಲಲ್ಲಿ ಒತ್ತುವರಿಯಾಗಿ, ಮುಚ್ಚಿ, ತುಂಡಾಯಿತು. ಕೆರೆಯ ಸುತ್ತ ಬೇಲಿ ಹಾಕಿ, ದಂಡೆಯಲ್ಲಿ ಕಾಲುದಾರಿ ಮಾಡಿದರೆ ಕೆರೆ ಉಳಿದಂತಾಗದು. ನೀರು ಬರುವ ದಾರಿ, ಅಂದರೆ ಜಲಾನಯನ ಪ್ರದೇಶವೂ ಉಳಿಯಬೇಕು.

ಮಳೆಯ ಲೆಕ್ಕ

ವಿದ್ಯಾರ್ಥಿಗಳೇ, ಒಂದು ಸರಳ ಲೆಕ್ಕ ಮಾಡಿ. 30×40 ಅಡಿಯ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 100 ಘನ ಅಡಿ, ಅಂದರೆ ಸುಮಾರು 2,830 ಲೀಟರ್ ನೀರು. ಹುಲ್ಲು, ಗಿಡಮರಗಳಿರುವ ಮಣ್ಣು ಇದರಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ, ಕಾಂಕ್ರೀಟ್ ಹೀರುವುದಿಲ್ಲ. ಇಡೀ ನಿವೇಶನಕ್ಕೆ ಕಾಂಕ್ರೀಟ್ ಹಾಸಿದ ಸಾವಿರ ಮನೆಗಳಿದ್ದರೆ? ಹತ್ತಿರ ಹತ್ತಿರ 28 ಲಕ್ಷ ಲೀಟರ್ ನೀರು ಒಮ್ಮೆಲೇ ಚರಂಡಿಗೆ! ತಗ್ಗಿನ ಮನೆಗಳಿಗೆ ನೀರು ನುಗ್ಗಿದರೆ ಮಳೆಯನ್ನು ಬೈಯುವುದು ಸುಲಭ.

ಇಳಿಜಾರಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಗಿಡಮರಗಳ ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಭಾರಿ ಮಳೆಗೆ ಚಾಮುಂಡಿ ಬೆಟ್ಟದ ನಂದಿಯ ಕಡೆಗಿನ ರಸ್ತೆ ಕುಸಿದದ್ದು ಅನೇಕರಿಗೆ ನೆನಪಿರಬಹುದು. ಬೆಟ್ಟಕ್ಕೂ ತಾಳಿಕೊಳ್ಳುವ ಮಿತಿಯಿದೆ.

ತೆಳುಹಾಳೆಗಳ ಪಾಠ

1969ರಲ್ಲಿ ಇಯಾನ್ ಮೆಕ್‌ಹಾರ್ಗ್ ಎಂಬ ಯೋಜನಾ ತಜ್ಞರು ‘ಡಿಸೈನ್ ವಿತ್ ನೇಚರ್’ ಎಂಬ ಗ್ರಂಥದಲ್ಲಿ ಒಂದು ವಿಧಾನವನ್ನು ವಿವರಿಸಿದರು. ಇಳಿಜಾರು, ನೀರು, ಮಣ್ಣು, ಕಾಡು ಇವನ್ನು ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಗುರುತಿಸಿ, ಒಂದರ ಮೇಲೊಂದು ಇಟ್ಟು ನೋಡುವುದು. ಬಣ್ಣ ದಟ್ಟವಾದ ಕಡೆ ಕಟ್ಟಬಾರದು, ತಿಳಿಯಾದ ಕಡೆ ಕಟ್ಟಬಹುದು. ಈಗ ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ.

ಮಕ್ಕಳು ಇದನ್ನು ಟ್ರೇಸಿಂಗ್ ಹಾಳೆಯಲ್ಲಿಯೇ ಮಾಡಬಹುದು. ನಿಮ್ಮ ಬಡಾವಣೆಯ ರಸ್ತೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಳೆ ನಿಂತ ಮೇಲೆ ನೀರು ಹರಿದ ದಿಕ್ಕನ್ನು ಗಮನಿಸಿ, ಇನ್ನೊಂದರಲ್ಲಿ ಬಾಣದ ಗುರುತು ಹಾಕಿ. ಮೂರನೆಯದರಲ್ಲಿ ಮರ, ಖಾಲಿ ಜಾಗ, ಬಾವಿಗಳನ್ನು ತೋರಿಸಿ. ಮೂರನ್ನೂ ಜೋಡಿಸಿದರೆ ನೀರು ಎಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲಿ ಇಂಗಿಸಬಹುದು ಎಂಬುದು ಕಣ್ಣಿಗೆ ಕಾಣುತ್ತದೆ. ಪೋಷಕರು ಜೊತೆಗೆ ನಡೆದರೆ ಇನ್ನೂ ಒಳ್ಳೆಯದು.

ನಗರ ಸುಧಾರಣೆಗೆಂದು 1903ರಷ್ಟು ಹಿಂದೆಯೇ ಪ್ರತ್ಯೇಕ ಮಂಡಳಿಯನ್ನು ಪಡೆದ ಊರು ನಮ್ಮದು. ಈಗ ಊರು ನಂಜನಗೂಡಿನ ಕಡೆಗೂ ಶ್ರೀರಂಗಪಟ್ಟಣದ ಕಡೆಗೂ ಚಾಚುತ್ತಿದೆ. ನಗರಪಾಲಿಕೆಯ ಗಡಿ ನಕ್ಷೆಯ ಗೆರೆಯಷ್ಟೇ; ನೀರಿಗೆ ಆ ಗೆರೆ ಕಾಣುವುದಿಲ್ಲ. ಆದ್ದರಿಂದ ಯೋಜನೆಯು ಇಡೀ ಕಣಿವೆಯನ್ನು, ಕೆಳಗಿನ ಹಳ್ಳಿಗಳನ್ನೂ ಸೇರಿಸಿಕೊಂಡು ನಡೆಯಬೇಕು. ಮುಂದೆ ಇಂಜಿನಿಯರ್, ಅಧಿಕಾರಿ, ನಿವೇಶನದ ಮಾಲೀಕರು ಆಗಲಿರುವವರು ಇಂದಿನ ವಿದ್ಯಾರ್ಥಿಗಳೇ. ನಕ್ಷೆಗೆ ಸಹಿ ಹಾಕುವ ಮೊದಲು ‘ಇಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳುವ ಅಭ್ಯಾಸ ಅವರಿಗೆ ಈಗಿನಿಂದಲೇ ಬರಲಿ.