ಕ್ಯಾಮೆರಾಗೂ ಸೆಕೆ

ವರವು ಕಾವಲ್ ಕಡೆ ಬೇಸಿಗೆ ರಾತ್ರಿ ನಕ್ಷತ್ರಗಳ ಫೋಟೋ ತೆಗೆದರೆ ಆಕಾಶದಲ್ಲಿ ಇಲ್ಲದ ಚುಕ್ಕಿಗಳೂ ಬರುತ್ತವೆ. ಬೆಳಕು ಬಿದ್ದಾಗ ಕ್ಯಾಮೆರಾದ ಸೆನ್ಸರ್ ಎಲೆಕ್ಟ್ರಾನ್‌ಗಳನ್ನು ಕೂಡಿಡುತ್ತದೆ. ಶಾಖದಿಂದಲೂ ಎಲೆಕ್ಟ್ರಾನ್‌ಗಳು ಹೊರಡುತ್ತವೆ, ಯಾವುದು ಯಾವುದೆಂದು ಅದಕ್ಕೆ ತಿಳಿಯದು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಮಾರಾಟವೇ ಆಗದೆ ಖಾತೆಗೆ ಜಮಾ ಬಿದ್ದಂತೆ. ಉಷ್ಣತೆ ಸುಮಾರು 6 ಡಿಗ್ರಿ ಏರಿದರೆ ಈ ಸುಳ್ಳು ಜಮಾ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಹಗಲಿನ ಫೋಟೋದಲ್ಲಿ ಇದು ಕಾಣದು, 5 ನಿಮಿಷ ಶಟರ್ ತೆರೆದಿಟ್ಟರೆ ಕಾಣುತ್ತದೆ.

ಅದಕ್ಕೇ ಕೆಲವರು ಕ್ಯಾಮೆರಾ ಬಿಚ್ಚಿ, ಸೆನ್ಸರ್ ಹಿಂದೆ ತಾಮ್ರದ ಪಟ್ಟಿ ತೂರಿಸಿ, ಅದರ ಹೊರತುದಿಗೆ ಪೆಲ್ಟಿಯರ್ ಬಿಲ್ಲೆ ಕೂರಿಸುತ್ತಾರೆ. ಕರೆಂಟು ಹರಿದಾಗ ಬಿಲ್ಲೆಯ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಬಿಸಿ ಮುಖಕ್ಕೆ ಹೀಟ್‌ಸಿಂಕ್, ಫ್ಯಾನ್ ಬೇಕೇ ಬೇಕು, ಇಲ್ಲದಿದ್ದರೆ ಶಾಖ ತಿರುಗಿ ಸೆನ್ಸರಿಗೇ ಬರುತ್ತದೆ. 24 ಡಿಗ್ರಿ ಇಳಿಸಿದರೆ ಸುಳ್ಳು ಜಮಾ 16ರಲ್ಲಿ 1 ಪಾಲಿಗೆ ಇಳಿಯುತ್ತದೆ. ಆದರೆ ಐಸ್ ನೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ ಸೆನ್ಸರ್ ಮೇಲೂ ನೀರು ಕೂರಬಹುದು. ಗಾಳಿಯಾಡದಂತೆ ಮುಚ್ಚಿ ಸಿಲಿಕಾ ಜೆಲ್ ಇಡಬೇಕು.

ಹೊಸಕೋಟೆಯಿಂದಲೇ ನಡೆಸುವ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕದ ಕ್ಯಾಮೆರಾವನ್ನು ದ್ರವ ಸಾರಜನಕದಿಂದ ತಣಿಸುತ್ತಾರೆ. ಅದು ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ. ಲಡಾಖಿನ ಚಳಿಯೂ ಸಾಲದು ನೋಡಿ!

ನಮ್ಮ ಮನೆಯಲ್ಲಿರುವುದು ಒಂದೇ ಕ್ಯಾಮೆರಾ. ಭಾಯಿ ಅದರಲ್ಲೇ ಮದುವೆ ಫೋಟೋ ತೆಗೆದು ಮನೆ ನಡೆಸುವುದು. ಅದನ್ನು ಬಿಚ್ಚುವ ಮಾತೇ ಇಲ್ಲ. ನಮ್ಮಂಥವರು ಡಿಸೆಂಬರ್ ರಾತ್ರಿ ಆರಿಸಿಕೊಳ್ಳಬೇಕು. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಇನ್ನೊಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮೊದಲನೆಯದರಿಂದ ಅದನ್ನು ಕಳೆಯಿರಿ. ಖರ್ಚಿಲ್ಲ. ಚುಕ್ಕಿಗಳು ಪೂರ್ತಿ ಹೋಗವು, ಸುಳ್ಳು ಜಮಾ ಪ್ರತಿ ಸಲ ಅದೇ ಮೊತ್ತ ಇರುವುದಿಲ್ಲ. ಡಿಆರ್‌ಡಿಒ ಬೇಲಿ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.